ಮಿದುಳುಜ್ವರವೆಂಬ ಹೆಸರು: ಮಕ್ಕಳ ರೋಗನಿದಾನದಲ್ಲಿ ತಪ್ಪುಗಳು

ಮಳೆಗಾಲದ ಕೊನೆಯ ದಿನಗಳು. ಸಿರುಗುಪ್ಪದ ಸೀಮೆಯಲ್ಲಿ ಬತ್ತದ ಗದ್ದೆಗಳು ನೀರು ತುಂಬಿ ನಿಂತಿರುತ್ತವೆ. ಅಂಥ ಒಂದು ಹಳ್ಳಿಯಿಂದ ಐದು ವರ್ಷದ ಮಗುವೊಂದನ್ನು ನಡುರಾತ್ರಿಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಕರೆತಂದರೆಂದು ವಾಚಕರು ಭಾವಿಸಿಕೊಳ್ಳಲಿ. ಮೂರು ದಿನಗಳಿಂದ ಜ್ವರ. ಸಂಜೆಯಿಂದೀಚೆಗೆ ಎರಡು ಸಲ ಸೆಳವು ಬಂದಿದೆ. ಈಗ ತಾಯಿ ಕರೆದರೂ ಮಗು ಓಗೊಡುತ್ತಿಲ್ಲ. ಹಳ್ಳಿಯಿಂದ ಜೊತೆಗೆ ತಂದ ಚೀಟಿಯಲ್ಲಿ ಬರೆದಿರುವುದು ಒಂದೇ ಮಾತು: ‘ಮಿದುಳುಜ್ವರ.’

ಆ ಮಾತು ಸರಿಯಿರಬಹುದು. ಆದರೆ ಅದೇ ಮಗುವಿಗೆ ಮಲೇರಿಯ ಮಿದುಳಿಗೆ ಏರಿರಬಹುದು. ಕ್ಷಯದ ಸೋಂಕು ಮಿದುಳಿನ ಪೊರೆಗೆ ಹತ್ತಿರಬಹುದು. ಬ್ಯಾಕ್ಟೀರಿಯಗಳಿಂದ ಪೊರೆಯುರಿ ಹುಟ್ಟಿರಬಹುದು. ರಕ್ತದಲ್ಲಿ ಸಕ್ಕರೆಯ ಅಂಶ ಕುಸಿದಿರಬಹುದು. ಯಾವುದೋ ವಿಷದ ಕಾಯಿಯನ್ನು ಅದು ತಿಂದಿರಬಹುದು. ಹೊರಗೆ ಕಾಣುವ ಚಿಹ್ನೆಗಳು ಇವೆಲ್ಲಕ್ಕೂ ಹೆಚ್ಚು ಕಡಿಮೆ ಒಂದೇ. ಚಿಕಿತ್ಸೆ ಮಾತ್ರ ಒಂದೊಂದಕ್ಕೂ ಬೇರೆ ಬೇರೆ. ಇವುಗಳಲ್ಲಿ ಕೆಲವಕ್ಕೆ ಖಚಿತವಾದ ಔಷಧವಿದೆ, ಕೆಲವಕ್ಕೆ ಇಲ್ಲ. ಆದುದರಿಂದ ಔಷಧವಿರುವ ರೋಗವನ್ನು ಔಷಧವಿಲ್ಲದ ರೋಗವೆಂದು ಭಾವಿಸಿ ಸುಮ್ಮನಾದರೆ, ಮಗುವಿಗೆ ಉಳಿದಿರುವ ಕೆಲವೇ ಗಂಟೆಗಳು ವ್ಯರ್ಥವಾಗಿ ಕಳೆದುಹೋಗುತ್ತವೆ.

ರೋಗದ ಮೂಲವನ್ನು ಗುರುತಿಸುವುದಕ್ಕೆ ನಮ್ಮ ಹಿರಿಯರು ‘ನಿದಾನ’ವೆಂದು ಹೆಸರಿಟ್ಟರು. ಈ ನಿದಾನದಲ್ಲಿ ತಪ್ಪುಗಳು ಏಕೆ ಆಗುತ್ತವೆ, ಅವನ್ನು ಕುರಿತು ವೈದ್ಯರೇ ಏನು ಹೇಳುತ್ತಾರೆ, ಬಳ್ಳಾರಿಯ ಅನುಭವ ನಮಗೆ ಏನನ್ನು ಕಲಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಬತ್ತದ ಗದ್ದೆ ಮತ್ತು ಸೊಳ್ಳೆ

ಬಳ್ಳಾರಿ ಸೀಮೆ ಸ್ವಭಾವತಃ ಒಣನೆಲ. ಕುರುಗೋಡಿನ ಸುತ್ತಣ ಬೆಣಚುಗಲ್ಲಿನ ಗುಡ್ಡಗಳನ್ನು ಬೇಸಗೆಯಲ್ಲಿ ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಈ ಸೀಮೆಯ ಬಹುಭಾಗದ ಚಿತ್ರವೇ ಬದಲಾಯಿತು. ಸಿರುಗುಪ್ಪ ಬತ್ತಕ್ಕೂ ಅಕ್ಕಿಯ ಗಿರಣಿಗಳಿಗೂ ಹೆಸರಾಯಿತು. ಆದರೆ ನೀರು ಅನ್ನವನ್ನು ತಂದಂತೆ ಸೊಳ್ಳೆಯನ್ನೂ ತಂದಿತು. ನಿಂತ ನೀರಿನ ಗದ್ದೆಗಳಲ್ಲಿ ಮೊಟ್ಟೆಯಿಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಜಪಾನೀ ಮಿದುಳುಜ್ವರದ ವೈರಾಣುವಿನ ವಾಹಕಗಳು. ಈ ವೈರಾಣುವಿಗೆ ಬಕ, ಕೊಕ್ಕರೆ ಮೊದಲಾದ ನೀರುಹಕ್ಕಿಗಳೂ ಹಂದಿಗಳೂ ಆಶ್ರಯ. ಮನುಷ್ಯನು ಅದರ ಹಾದಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕುವವನು. ಅವನಿಂದ ಮತ್ತೊಬ್ಬನಿಗೆ ಅದು ಹರಡುವುದಿಲ್ಲ.

ಸೋಂಕು ತಗಲಿದವರಲ್ಲಿ ಬಹುಮಂದಿಗೆ ಏನೂ ಆಗುವುದಿಲ್ಲ. ಸುಮಾರು ೨೫೦ ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ ಉಗ್ರರೂಪ ತಾಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗೆ ಉಗ್ರವಾದಾಗ ನೂರಕ್ಕೆ ಮೂವತ್ತರವರೆಗೆ ಸಾವು ಸಂಭವಿಸಬಹುದು. ಬದುಕಿದವರಲ್ಲಿಯೂ ಹಲವರು ಮಾತು, ನಡಿಗೆ ಅಥವಾ ಬುದ್ಧಿಯ ಕುಂದನ್ನು ಜೀವಮಾನವೆಲ್ಲ ಹೊರಬೇಕಾಗುತ್ತದೆ. ವೈರಾಣುವನ್ನು ಕೊಲ್ಲುವ ಔಷಧ ಈ ರೋಗಕ್ಕಿಲ್ಲ; ಲಸಿಕೆಯೊಂದೇ ರಕ್ಷೆ. ೨೦೦೬ರಲ್ಲಿ ಭಾರತ ಸರ್ಕಾರವು ನಾಲ್ಕು ರಾಜ್ಯಗಳ ಹನ್ನೊಂದು ಜಿಲ್ಲೆಗಳನ್ನು ಆರಿಸಿ ಒಂದರಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಈ ಲಸಿಕೆಯನ್ನು ಮೊದಲು ಹಾಕಿಸಿದಾಗ, ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆ ಬಳ್ಳಾರಿಯೇ.

ಹೀಗಾಗಿ ಬಳ್ಳಾರಿಯಲ್ಲಿ ‘ಜ್ವರ, ಸೆಳವು, ಪ್ರಜ್ಞೆ ತಪ್ಪಿದ ಮಗು’ ಎಂದೊಡನೆ ಮಿದುಳುಜ್ವರದ ನೆನಪಾಗುವುದು ಸಹಜ. ಅದರಲ್ಲಿ ಅಜ್ಞಾನವೇನೂ ಇಲ್ಲ. ಅದು ಅನುಭವದ ಫಲ. ಆದರೆ ಅನುಭವವೇ ಕೆಲವು ವೇಳೆ ಕಣ್ಣನ್ನು ಕಟ್ಟುತ್ತದೆ.

ಬಳ್ಳಾರಿಯ ಪರೀಕ್ಷೆ ಹೇಳಿದ ಸಂಗತಿ

೧೯೬೧ರಲ್ಲಿ ಸ್ಥಾಪಿತವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆದಿತ್ತು. ಆ ಸಂಸ್ಥೆಯ ವೈದ್ಯರು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು, ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದವರು ಕೂಡಿ, ಮಿದುಳಿನ ಸೋಂಕಿನ ಶಂಕೆಯಿಂದ ಬಳ್ಳಾರಿಯಲ್ಲಿ ದಾಖಲಾದ ಮಕ್ಕಳನ್ನು ಪರೀಕ್ಷಿಸಿದರು. ಪೆನಿ ಲ್ಯೂತ್‌ವೇಟ್, ವಿ. ರವಿ, ಟಾಮ್ ಸಾಲೊಮನ್ ಮೊದಲಾದವರು ಈ ಕಾರ್ಯದಲ್ಲಿ ತೊಡಗಿದ್ದರು.

೨೦೦೯ರಲ್ಲಿ ಪ್ರಕಟವಾದ ಅವರ ವರದಿಯೊಂದರ ಸಾರ ಇದು: ೫೮ ಮಕ್ಕಳಲ್ಲಿ ೮ ಮಕ್ಕಳ ರಕ್ತದಲ್ಲಿ ಕಂಡುಬಂದದ್ದು ಚಿಕೂನ್‌ಗುನ್ಯದ ವೈರಾಣು! ಮೂವರು ಮಕ್ಕಳಲ್ಲಿ ಅದು ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿಯೂ ಇದ್ದಿತು. ಚಿಕೂನ್‌ಗುನ್ಯವೆಂದರೆ ಕೀಲುಗಳನ್ನು ಹಿಡಿಯುವ ಜ್ವರವೆಂದು ಜನರೂ ವೈದ್ಯರೂ ತಿಳಿದಿದ್ದರು. ೨೦೦೬ರಲ್ಲಿ ದೇಶದಲ್ಲಿ ಶಂಕಿತ ರೋಗಿಗಳ ಸಂಖ್ಯೆ ಹದಿಮೂರು ಲಕ್ಷವನ್ನು ಮೀರಿದಾಗ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ನಾಟಕದವರೇ ಆಗಿದ್ದರು. ಸೊಂಟ ಹಿಡಿದು, ಗೋಡೆಯನ್ನು ಆತು ನಡೆದ ಹಿರಿಯರನ್ನು ಆಗ ನಾವೆಲ್ಲ ಕಂಡೆವು. ಆದರೆ ಅದೇ ವೈರಾಣು ಮಕ್ಕಳಲ್ಲಿ ಸೆಳವಿನ ವೇಷದಲ್ಲಿ ಬರಬಹುದೆಂದು ಭಾವಿಸಿದವರು ವಿರಳ. ಈ ಗುಂಪಿನ ಮತ್ತೊಂದು ವರದಿ ೨೦೧೦ರಲ್ಲಿ ಬಂತು. ೨೦೦೫ರಿಂದ ೨೦೦೭ರವರೆಗೆ ನೋಡಿದ ೧೦೬ ಮಕ್ಕಳಲ್ಲಿ ಐವರಿಗೆ ‘ಎಂಟೆರೊವೈರಾಣು ೭೫’ ಎಂಬ, ಕರುಳಿನಲ್ಲಿ ನೆಲೆಸುವ ಬೇರೆಯೇ ಕುಲದ ವೈರಾಣು ತಗಲಿದ್ದಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ರಕ್ತದಲ್ಲಿ ವೈರಾಣು ದೊರೆತ ಮಾತ್ರಕ್ಕೆ ಮಿದುಳಿನ ತೊಂದರೆಗೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ಮಿದುಳಿನ ದ್ರವದಲ್ಲಿ ದೊರೆತಾಗ ಸಾಕ್ಷ್ಯ ಬಲವಾಗುತ್ತದೆ. ಆದರೂ ಮುಖ್ಯವಾದ ಪಾಠ ಸ್ಪಷ್ಟವಾಗಿದೆ. ಒಂದು ಹೆಸರಿನ ಕೆಳಗೆ ಹಲವು ರೋಗಗಳು ಅಡಗಿರುತ್ತವೆ. ಲಸಿಕೆ ಹರಡಿದಂತೆಲ್ಲ ಜಪಾನೀ ಮಿದುಳುಜ್ವರದ ಪಾಲು ಕಡಿಮೆಯಾಗುತ್ತದೆ. ಉಳಿದ ಕಾರಣಗಳ ಪಾಲು ತಾನಾಗಿಯೇ ಹೆಚ್ಚುತ್ತದೆ. ನಿನ್ನೆ ಬಹುತೇಕ ಸರಿಯಾಗಿದ್ದ ಊಹೆ ಇಂದು ತಪ್ಪಾಗುವ ಸಂಭವ ಹೆಚ್ಚು. ರೋಗಗಳ ಲೆಕ್ಕ ಬದಲಾಗುವಷ್ಟು ಬೇಗ ಮನುಷ್ಯನ ಅಭ್ಯಾಸ ಬದಲಾಗುವುದಿಲ್ಲ.

ಮೂರು ಊರುಗಳ ಕಥೆ

ಇದು ಬಳ್ಳಾರಿಯೊಂದರ ಸಂಗತಿಯಲ್ಲ. ಉತ್ತರ ಪ್ರದೇಶದ ಗೋರಖಪುರದ ಸೀಮೆಯಲ್ಲಿ ವರ್ಷ ವರ್ಷವೂ ಮಳೆಗಾಲದಲ್ಲಿ ಮಕ್ಕಳು ಮಿದುಳುಜ್ವರದಿಂದ ಸಾಯುತ್ತಿದ್ದರು. ೨೦೦೫ರಲ್ಲಿ ಆ ರಾಜ್ಯದಲ್ಲಿ ಸತ್ತವರ ಸಂಖ್ಯೆ ಸಾವಿರವನ್ನು ಮೀರಿತ್ತು. ಲಸಿಕೆ ಹಾಕಿದ ಮೇಲೂ ರೋಗ ನಿಲ್ಲಲಿಲ್ಲ. ಕೊನೆಗೆ ೨೦೧೫ರ ಆಸುಪಾಸಿನಲ್ಲಿ ನಡೆದ ಪರಿಶೋಧನೆಗಳಿಂದ, ಅಂಥ ಮಕ್ಕಳಲ್ಲಿ ಬಹುಮಂದಿಗೆ ತಗಲಿದ್ದುದು ‘ಸ್ಕ್ರಬ್ ಟೈಫಸ್’ ಎಂದು ತಿಳಿದುಬಂತು. ಇದು ಪೊದೆಗಳಲ್ಲಿ ವಾಸಿಸುವ ಸೂಕ್ಷ್ಮವಾದ ನುಸಿಮರಿಗಳ ಕಡಿತದಿಂದ ಬರುವ ಬ್ಯಾಕ್ಟೀರಿಯದ ರೋಗ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಅಜಿಥ್ರೊಮೈಸಿನ್ ಮುಂತಾದ ಅಗ್ಗದ ಔಷಧಗಳಿಗೆ ಬಗ್ಗುವಂಥದು. ಕಂಕುಳು, ತೊಡೆಯ ಸಂದು, ಕಿವಿಯ ಹಿಂಬದಿ ಇಂಥ ಮರೆಯ ಸ್ಥಳಗಳಲ್ಲಿ ಕಡಿತದ ಕಪ್ಪು ಹುಂಡು ಕೆಲವು ವೇಳೆ ಉಳಿದಿರುತ್ತದೆ. ಮಗುವಿನ ಬಟ್ಟೆಯನ್ನು ಕಳಚಿ ಅಡಿಯಿಂದ ಮುಡಿಯವರೆಗೆ ನೋಡಿದವರಿಗೆ ಮಾತ್ರ ಅದು ಕಾಣುತ್ತದೆ.

ಅದೇ ರಾಜ್ಯದ ಪಶ್ಚಿಮಭಾಗದ ಬಿಜನೌರ್ ಜಿಲ್ಲೆಯಲ್ಲಿ ಪ್ರತಿವರ್ಷವೂ ಮಳೆಗಾಲ ಕಳೆದಾಗ ಮಕ್ಕಳಿಗೆ ವಾಂತಿ, ಸೆಳವು, ಪ್ರಜ್ಞಾಹೀನತೆ ಬರುತ್ತಿದ್ದುವು. ಅದನ್ನೂ ವೈರಾಣುವಿನ ಮಿದುಳುಜ್ವರವೆಂದೇ ಕರೆದರು. ಅಲ್ಲಿನ ಮಕ್ಕಳ ತಜ್ಞ ವಿಪಿನ್ ವಶಿಷ್ಠರೂ ವೆಲ್ಲೂರಿನ ವೈರಾಣುವಿಜ್ಞಾನಿ ಟಿ. ಜೇಕಬ್ ಜಾನ್ ಅವರೂ ಈ ಹೆಸರನ್ನು ಸಂದೇಹದಿಂದ ನೋಡಿದರು. ಮಕ್ಕಳ ಯಕೃತ್ತು ಮತ್ತು ಮಾಂಸಖಂಡಗಳಿಗೂ ಹಾನಿಯಾಗಿದ್ದುದು ಮಿದುಳುಜ್ವರಕ್ಕೆ ಹೊಂದುವ ಮಾತಾಗಿರಲಿಲ್ಲ. ತಂದೆತಾಯಿಗಳನ್ನು ವಿಚಾರಿಸಿದಾಗ, ಬೇಲಿಯಲ್ಲಿ ಬೆಳೆಯುವ ತಗಚೆಯ ಜಾತಿಯ ಗಿಡವೊಂದರ ಕಾಯಿಗಳನ್ನು ಮಕ್ಕಳು ಆಟವಾಡುತ್ತ ತಿಂದಿದ್ದರೆಂದು ಗೊತ್ತಾಯಿತು. ೨೦೦೭ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅಲ್ಲಿದ್ದುದು ಸಾಂಕ್ರಾಮಿಕವಲ್ಲ, ವಿಷ.

ಬಿಹಾರದ ಮುಜಫ್ಫರಪುರದ ಕಥೆ ಇನ್ನೂ ಪ್ರಸಿದ್ಧವಾದುದು. ಅಲ್ಲಿ ಲಿಚಿ ಹಣ್ಣಿನ ಕಾಲದಲ್ಲಿ ಮಕ್ಕಳು ಬೆಳಗಿನ ಜಾವ ಸೆಳವು ಬಂದು ಬೀಳುತ್ತಿದ್ದರು. ೨೦೧೪ರ ಬೇಸಗೆಯಲ್ಲಿ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಬಂದ ೩೯೦ ಮಕ್ಕಳಲ್ಲಿ ೧೨೨ ಮಕ್ಕಳು ತೀರಿಕೊಂಡರು. ಸಕ್ಕರೆಯ ಪರೀಕ್ಷೆ ನಡೆದ ೩೨೭ ಮಕ್ಕಳಲ್ಲಿ ೨೦೪ ಮಕ್ಕಳ ರಕ್ತದ ಸಕ್ಕರೆ ೭೦ ಮಿಲಿಗ್ರಾಂ ಅಥವಾ ಅದಕ್ಕೂ ಕೆಳಗಿತ್ತು. ರಾತ್ರಿ ಊಟವಿಲ್ಲದೆ ಮಲಗಿದ ಮಕ್ಕಳಲ್ಲಿ, ಲಿಚಿಯಲ್ಲಿರುವ ಕೆಲವು ವಸ್ತುಗಳು ದೇಹವು ತನ್ನ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳುವ ಕ್ರಿಯೆಯನ್ನು ತಡೆಯುತ್ತವೆಂದು ೨೦೧೭ರಲ್ಲಿ ಪ್ರಕಟವಾದ ಪರಿಶೋಧನೆ ತೋರಿಸಿಕೊಟ್ಟಿತು. ಬೆರಳ ತುದಿಯ ಒಂದು ತೊಟ್ಟು ರಕ್ತ, ಒಂದು ನಿಮಿಷದ ಪರೀಕ್ಷೆ, ನಾಳದ ಮೂಲಕ ಗ್ಲೂಕೋಸು: ಇಷ್ಟರಲ್ಲಿ ಕೆಲವು ಪ್ರಾಣಗಳಾದರೂ ಉಳಿಯುವಂತಿದ್ದುವು.

ಇಂಥ ಅನುಭವಗಳಿಗೆ ಎಡೆಗೊಡುವ ಒಂದು ವ್ಯವಸ್ಥೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೬ರಲ್ಲಿ ಮುಂದಿಟ್ಟ ಹೊಸ ಹೆಸರಿನಲ್ಲಿ ಕಾಣಬಹುದು. ಜ್ವರದೊಡನೆ ಪ್ರಜ್ಞೆಯ ವ್ಯತ್ಯಾಸವಾಗಲಿ ಹೊಸದಾಗಿ ಸೆಳವಾಗಲಿ ಕಂಡುಬಂದರೆ, ಮೊದಲು ಅದನ್ನು ‘ತೀವ್ರ ಮಿದುಳುರಿಯ ಲಕ್ಷಣಸಮೂಹ’ವೆಂದಷ್ಟೇ ದಾಖಲುಮಾಡಬೇಕು, ಪರೀಕ್ಷೆಯಾದ ಮೇಲೆಯೇ ಜಪಾನೀ ಮಿದುಳುಜ್ವರ ಅಥವಾ ಇನ್ನೊಂದು ಎನ್ನಬೇಕು. ಇದು ರೋಗದ ಹೆಸರಲ್ಲ. ‘ಕಾರಣ ಇನ್ನೂ ತಿಳಿದಿಲ್ಲ’ ಎಂಬುದರ ಪ್ರಾಮಾಣಿಕವಾದ ಒಪ್ಪಿಗೆ. ಈ ಒಪ್ಪಿಗೆ ಇದ್ದಲ್ಲಿ ಮಾತ್ರ ಹುಡುಕುವ ಕೆಲಸ ಮುಂದುವರಿಯುತ್ತದೆ.

ವೈದ್ಯರೇ ಹೇಳುವುದೇನು?

ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಯಾವ ವೃತ್ತಿಯವರಿಗೂ ಸುಲಭವಲ್ಲ. ಹೀಗಿರಲಾಗಿ, ೨೦೧೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ವಿಚಾರಣೆ ಗಮನಾರ್ಹವಾದುದು. ಹರದೀಪ್ ಸಿಂಗ್ ಮತ್ತು ಅವರ ಸಂಗಡಿಗರು ಮಕ್ಕಳ ವೈದ್ಯರನ್ನೇ ಹೆಸರು ಕೇಳದೆ ಪ್ರಶ್ನಿಸಿದರು. ೭೨೬ ವೈದ್ಯರು ಉತ್ತರ ಕೊಟ್ಟರು. ತಿಂಗಳಿಗೆ ಒಂದೆರಡು ಸಲವಾದರೂ ತಮ್ಮಿಂದ ನಿದಾನದಲ್ಲಿ ತಪ್ಪಾಗುತ್ತದೆಂದು ನೂರಕ್ಕೆ ೫೪ ಮಂದಿ ಒಪ್ಪಿದರು. ತರಬೇತಿಯಲ್ಲಿದ್ದ ಕಿರಿಯರಲ್ಲಿ ಈ ಪ್ರಮಾಣ ನೂರಕ್ಕೆ ೭೭. ಮಗುವಿಗೆ ಹಾನಿಯನ್ನುಂಟುಮಾಡಿದ ತಪ್ಪು ವರ್ಷಕ್ಕೆ ಒಂದೆರಡು ಸಲವಾದರೂ ನಡೆಯುತ್ತದೆಂದವರು ನೂರಕ್ಕೆ ೪೫.

ಯಾವ ಬಗೆಯ ತಪ್ಪುಗಳು? ಎಲ್ಲಕ್ಕಿಂತ ಸಾಮಾನ್ಯವಾದುದು ವೈರಾಣುವಿನ ರೋಗವನ್ನು ಬ್ಯಾಕ್ಟೀರಿಯದ ರೋಗವೆಂದು ತಿಳಿಯುವುದು. ಆಮೇಲೆ ಔಷಧದ ದುಷ್ಪರಿಣಾಮವನ್ನು ಗುರುತಿಸದೆ ಹೋಗುವುದು, ಮಾನಸಿಕ ಕಾಯಿಲೆಗಳು, ಕರುಳುಬಾಲದ ಉರಿಯೂತ. ಈ ಪಟ್ಟಿಯಲ್ಲಿ ಅಪರೂಪದ ರೋಗಗಳು ಮುಂದೆ ನಿಲ್ಲಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಪ್ಪಿಗೆ ಕಾರಣವಾಗಿ ಆ ವೈದ್ಯರು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದುದು ದೊಡ್ಡ ಯಂತ್ರಗಳ ಅಭಾವವನ್ನಲ್ಲ. ಕೇಳಬೇಕಾದುದನ್ನು ಕೇಳಲಿಲ್ಲ, ನೋಡಬೇಕಾದುದನ್ನು ನೋಡಲಿಲ್ಲ, ಹಳೆಯ ದಾಖಲೆಯನ್ನು ಓದಲಿಲ್ಲ ಎಂಬುದನ್ನು. ಪರಿಹಾರವೇನೆಂದು ಕೇಳಿದಾಗ ಅವರು ಮುಂದಿಟ್ಟವುಗಳಲ್ಲಿ ಮುಖ್ಯವಾದುವು ಎರಡು: ಕೈಗೆಟುಕುವ ದಾಖಲೆ, ಮತ್ತು ರೋಗಿಯನ್ನು ಪುನಃ ಪುನಃ ನೋಡುವುದು.

ಇದಕ್ಕೆ ಮುಂಚೆ, ೨೦೦೫ರಲ್ಲಿ, ಮಾರ್ಕ್ ಗ್ರೇಬರ್ ಎಂಬ ವೈದ್ಯರು ವಯಸ್ಕ ರೋಗಿಗಳ ವಿಷಯದಲ್ಲಿ ನಡೆದ ೧೦೦ ನಿದಾನದೋಷಗಳನ್ನು ಸಂಗಡಿಗರೊಡನೆ ಬಿಡಿಸಿ ನೋಡಿದ್ದರು. ಯೋಚನೆಯಲ್ಲಿ ನಡೆದ ತಪ್ಪುಗಳಲ್ಲಿ ಅತಿ ಸಾಮಾನ್ಯವಾಗಿ ಕಂಡದ್ದು, ಒಂದು ಉತ್ತರ ಹೊಳೆದೊಡನೆ ವಿಚಾರವನ್ನು ಮುಗಿಸಿಬಿಡುವುದು. ಬಾಗಿಲನ್ನು ಬೇಗ ಮುಚ್ಚುವ ಈ ಗುಣ ವೈದ್ಯರದು ಮಾತ್ರವಲ್ಲ, ಮನುಷ್ಯಮಾತ್ರನದು. ಡೆಂಗಿಯ ಕಾಲದಲ್ಲಿ ಪ್ರತಿ ಜ್ವರವೂ ಡೆಂಗಿಯಾಗಿ ಕಾಣುತ್ತದೆ. ನಿನ್ನೆ ನೋಡಿದ ರೋಗವೇ ಇಂದಿನ ರೋಗಿಯಲ್ಲಿಯೂ ಕಾಣುತ್ತದೆ. ಕೆನಡಾದ ತುರ್ತು ಚಿಕಿತ್ಸಾ ವೈದ್ಯ ಪ್ಯಾಟ್ ಕ್ರಾಸ್ಕೆರಿ ಈ ಬಗೆಯ ಮನೋಧರ್ಮಗಳನ್ನು ಒಂದೊಂದಾಗಿ ಹೆಸರಿಸಿ, ವಿದ್ಯಾರ್ಥಿಗಳಿಗೆ ಅವುಗಳ ವಿಷಯದಲ್ಲಿ ಎಚ್ಚರವನ್ನು ಕಲಿಸಬೇಕೆಂದರು. ಅವರು ಒತ್ತಿ ಹೇಳುವ ಪ್ರಶ್ನೆ ಬಹಳ ಸರಳವಾದುದು: ‘ಇದು ಇನ್ನೇನಾಗಿರಬಹುದು?’

ಮಗು ಚಿಕ್ಕ ಮನುಷ್ಯನಲ್ಲ

ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇಮ್ಮಡಿ ಅಗತ್ಯ. ಮೊದಲನೆಯದಾಗಿ, ಮಗು ತನ್ನ ನೋವನ್ನು ಹೇಳಲಾರದು. ಹೇಳಿದರೂ ಗಂಟಲು ನೋವಿಗೂ ಹೊಟ್ಟೆಯನ್ನೇ ತೋರಿಸುವುದುಂಟು. ಎರಡನೆಯದಾಗಿ, ಪುಸ್ತಕದಲ್ಲಿ ಬರೆದ ಚಿಹ್ನೆಗಳು ಎಳೆಯ ಮಕ್ಕಳಲ್ಲಿ ಪೂರ್ತಿಯಾಗಿ ಮೂಡುವುದಿಲ್ಲ. ಪೊರೆಯುರಿಯಲ್ಲಿ ಕತ್ತು ಬಿಗಿಯುವುದು ಪ್ರಸಿದ್ಧ ಲಕ್ಷಣ. ಆದರೆ ಹಸುಗೂಸಿನಲ್ಲಿ ಅದಿಲ್ಲದೆಯೂ ಆ ರೋಗವಿರಬಹುದು. ಮೂತ್ರನಾಳದ ಸೋಂಕು ಕೂಸಿನಲ್ಲಿ ಬರಿಯ ಜ್ವರವಾಗಿಯೇ ಕಾಣಬಹುದು. ಮೂರನೆಯದಾಗಿ, ಮಗುವಿನ ದೇಹ ಸಂಕಟವನ್ನು ಬಹಳ ಹೊತ್ತು ಮುಚ್ಚಿಟ್ಟುಕೊಳ್ಳುತ್ತದೆ. ರಕ್ತದ ಒತ್ತಡ ಕುಸಿಯುವಷ್ಟರಲ್ಲಿ ಕಾಲ ಮೀರುತ್ತ ಬಂದಿರುತ್ತದೆ. ನಾಲ್ಕನೆಯದಾಗಿ, ಸಹಜವೆಂಬುದೇ ವಯಸ್ಸಿನೊಡನೆ ಬದಲಾಗುತ್ತದೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ ೬೦ ಅಥವಾ ಹೆಚ್ಚು ಸಲ, ಒಂದು ವರ್ಷದೊಳಗಿನದು ೫೦ ಅಥವಾ ಹೆಚ್ಚು ಸಲ, ಐದು ವರ್ಷದೊಳಗಿನದು ೪೦ ಅಥವಾ ಹೆಚ್ಚು ಸಲ ಉಸಿರಾಡಿದರೆ ಮಾತ್ರ ಅದನ್ನು ವೇಗದ ಉಸಿರೆಂದು ಎಣಿಸಬೇಕು. ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸದೆ ಇದು ತಿಳಿಯುವುದಿಲ್ಲ.

ನಿತ್ಯದ ಕೆಲವು ಉದಾಹರಣೆಗಳನ್ನು ನೋಡೋಣ. ಡೆಂಗಿಯಲ್ಲಿ ಜ್ವರ ಇಳಿದಾಗ ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಆ ಹೊತ್ತಿನಲ್ಲಿಯೇ ರಕ್ತನಾಳಗಳಿಂದ ದ್ರವ ಸೋರುವ ಅಪಾಯ ಆರಂಭವಾಗುವುದು. ವಿಷಮಶೀತ ಜ್ವರಕ್ಕೆ ಮಾಡಿಸುವ ವಿಡಾಲ್ ಪರೀಕ್ಷೆ ೧೮೯೬ರಷ್ಟು ಹಳೆಯದು. ಆ ರೋಗ ಮಾಮೂಲಾಗಿರುವ ನಮ್ಮಂಥ ನಾಡಿನಲ್ಲಿ ಒಂದೇ ಸಲದ ವಿಡಾಲ್ ಪರೀಕ್ಷೆಯನ್ನು ನಂಬುವಂತಿಲ್ಲ. ಹಿಂದಿನ ಸೋಂಕಿನ ಗುರುತೂ ಅದರಲ್ಲಿ ಕಾಣಬಹುದು. ಔಷಧ ಆರಂಭಿಸುವ ಮುನ್ನ ರಕ್ತವನ್ನು ಕೃಷಿ ಪರೀಕ್ಷೆಗೆ ಕಳುಹಿಸುವುದು ಉತ್ತಮ ಮಾರ್ಗ.

ಮತ್ತೊಂದು ಉದಾಹರಣೆ ಮಕ್ಕಳ ಸಿಹಿಮೂತ್ರ ರೋಗ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಸೇರಿದಾಗ ಮಗು ವಾಂತಿಮಾಡುತ್ತದೆ, ಹೊಟ್ಟೆ ನೋವೆನ್ನುತ್ತದೆ, ಆಳವಾಗಿ ಏದುಸಿರು ಬಿಡುತ್ತದೆ. ಅದನ್ನು ಅಜೀರ್ಣವೆಂದೋ ನ್ಯುಮೋನಿಯವೆಂದೋ ಭ್ರಮಿಸುವುದು ಸುಲಭ. ಕೆಲವು ವಾರಗಳಿಂದ ಮಗು ಹೆಚ್ಚು ನೀರು ಕುಡಿಯುತ್ತಿತ್ತೆ, ಬಿಟ್ಟಿದ್ದ ಹಾಸಿಗೆಯಲ್ಲಿ ಮೂತ್ರಮಾಡುವ ಅಭ್ಯಾಸ ಮರಳಿತ್ತೆ ಎಂಬ ಪ್ರಶ್ನೆಯೇ ಇಲ್ಲಿ ಕೀಲಿಕೈ. ಆದರೆ ೪೦ ಡಿಗ್ರಿಯನ್ನು ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ಮಗು ಹೆಚ್ಚು ನೀರು ಕುಡಿದರೆ ಯಾರು ತಾನೆ ಆಶ್ಚರ್ಯಪಡುವರು? ಊರಿನ ಹವೆಯೂ ಹೀಗೆ ರೋಗಕ್ಕೆ ಮರೆಯಾಗಬಲ್ಲುದು.

ಕ್ಷಯದ ಪೊರೆಯುರಿಯಂತೂ ಮೆಲ್ಲಗೆ ಬರುವ ಕಳ್ಳ. ಸೆಳವು ಇಂದು ಬಂದಿರಬಹುದು; ಆದರೆ ಮಗು ಎರಡು ಮೂರು ವಾರಗಳಿಂದ ಮಂಕಾಗಿತ್ತು, ಊಟ ಬಿಟ್ಟಿತ್ತು, ಸಿಡಿಮಿಡಿಗೊಳ್ಳುತ್ತಿತ್ತು, ಮನೆಯಲ್ಲಿ ಯಾರಿಗೋ ಬಹುದಿನದ ಕೆಮ್ಮಿತ್ತು. ಇವೆಲ್ಲ ಚೀಟಿಯಲ್ಲಿ ಇರುವುದಿಲ್ಲ, ತಾಯಿಯ ನೆನಪಿನಲ್ಲಿ ಇರುತ್ತವೆ.

ಹಾದಿಯಲ್ಲಿ ಕಳೆದುಹೋಗುವ ಮಾತು

ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು ೫೫ ಕಿಲೋಮೀಟರು. ಕುರುಗೋಡಿನಿಂದ ಸುಮಾರು ೩೦. ಹಳ್ಳಿಯ ಮಗು ಈ ಹಾದಿಯಲ್ಲಿ ಬರುವಾಗ ಅನೇಕ ಕೈಗಳನ್ನು ದಾಟುತ್ತದೆ: ಊರಿನ ಔಷಧದಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಕೊನೆಗೆ ನಗರದ ದೊಡ್ಡಾಸ್ಪತ್ರೆ. ಮೊದಲಿನ ಕೈ ಇಟ್ಟ ಹೆಸರು ಎರಡನೆಯ ಕೈಗೆ ಬರುವಾಗ ಶಂಕೆಯಾಗಿರುತ್ತದೆ, ಮೂರನೆಯದಕ್ಕೆ ಬರುವಾಗ ನಿಶ್ಚಯವಾಗಿರುತ್ತದೆ, ಆದರೆ ನಡುವೆ ಹೊಸ ಸಾಕ್ಷ್ಯವೇನೂ ಸೇರಿರುವುದಿಲ್ಲ! ಹೆಸರು ಗಟ್ಟಿಯಾಗುತ್ತ ಹೋದಂತೆ ವಿವರಗಳು ಉದುರುತ್ತ ಹೋಗುತ್ತವೆ. ಜ್ವರ ಎಂದು ಬಂತು, ಯಾವ ಚುಚ್ಚುಮದ್ದು ಕೊಟ್ಟರು ಎಂಬುದು ಯಾರಿಗೂ ತಿಳಿಯದು. ಹಳ್ಳಿಯಲ್ಲಿ ಕೊಟ್ಟ ಒಂದೆರಡು ಚುಚ್ಚುಮದ್ದು ಬ್ಯಾಕ್ಟೀರಿಯಗಳನ್ನು ಪೂರ್ತಿಯಾಗಿ ಕೊಲ್ಲದೆ, ಪರೀಕ್ಷೆಯಲ್ಲಿ ಮಾತ್ರ ಕಾಣದಂತೆ ಮಾಡಬಲ್ಲುದು. ಆ ಸಂಗತಿಯನ್ನು ಅರಿಯದ ವೈದ್ಯನು ಪೊರೆಯುರಿಯನ್ನು ವೈರಾಣುವಿನದೆಂದು ಎಣಿಸುವ ಸಂಭವವಿದೆ.

ಆದುದರಿಂದ ಮೇಲಿನ ಆಸ್ಪತ್ರೆಗೆ ಕಳುಹಿಸುವ ಚೀಟಿಯಲ್ಲಿ ರೋಗದ ಹೆಸರಿಗಿಂತ ಮುಖ್ಯವಾದುವು ನಾಲ್ಕು ಸಂಗತಿಗಳು: ಯಾವ ದಿನ ಏನು ಕಂಡಿತು, ಕಳುಹಿಸುವಾಗ ಮಗುವಿನ ಸ್ಥಿತಿ ಹೇಗಿತ್ತು, ರಕ್ತದ ಸಕ್ಕರೆ ಎಷ್ಟಿತ್ತು, ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ರೂಪಿಸಿ, ಭಾರತವು ತನಗೆ ತಕ್ಕಂತೆ ಅಳವಡಿಸಿಕೊಂಡ ಶಿಶುರೋಗ ನಿರ್ವಹಣೆಯ ಕ್ರಮದಲ್ಲಿಯೂ ಇದೇ ವಿವೇಕವಿದೆ. ಅದರಲ್ಲಿ ಆರೋಗ್ಯ ಕಾರ್ಯಕರ್ತೆಯು ರೋಗದ ಹೆಸರನ್ನು ಊಹಿಸುತ್ತ ಕೂರಬೇಕಾಗಿಲ್ಲ. ಮಗು ಕುಡಿಯಲಾರದೆ, ಕುಡಿದುದೆಲ್ಲ ವಾಂತಿಯಾಗುತ್ತಿದೆಯೆ, ಸೆಳವು ಬಂದಿತೆ, ಪ್ರಜ್ಞೆ ಮಂಕಾಗಿದೆಯೆ? ಇವುಗಳಲ್ಲಿ ಒಂದಿದ್ದರೂ ತುರ್ತಾಗಿ ಮೇಲಕ್ಕೆ ಕಳುಹಿಸಬೇಕು. ಹೆಸರು ಆಮೇಲೆ ಬರಲಿ. ಅಪಾಯ ಮೊದಲು ಗೊತ್ತಾಗಲಿ.

ಕಾಲವೂ ಒಂದು ಪರೀಕ್ಷೆ. ಜಪಾನೀ ಮಿದುಳುಜ್ವರದ ವಿರುದ್ಧ ದೇಹವು ಹುಟ್ಟಿಸುವ ಪ್ರತಿಕಾಯಗಳು ಮೊದಲ ದಿನಗಳಲ್ಲಿ ಕಾಣದೆ ಹೋಗಬಹುದು. ವಾರದ ಹೊತ್ತಿಗೆ ಬಹುತೇಕ ಎಲ್ಲ ರೋಗಿಗಳಲ್ಲಿಯೂ ಕಾಣುತ್ತವೆ. ಡೆಂಗಿಯ ಪ್ರತಿಕಾಯಗಳು ಅದೇ ಪರೀಕ್ಷೆಯನ್ನು ಗಲಿಬಿಲಿಗೊಳಿಸುವುದೂ ಉಂಟು. ‘ಇಲ್ಲ’ ಎಂದು ಬಂದ ಪರೀಕ್ಷೆ ‘ಇಂದು ಕಾಣಲಿಲ್ಲ’ ಎಂಬಷ್ಟೇ ಅರ್ಥ ಕೊಡಬಹುದು. ಮೊದಲ ದಿನ ತಿಳಿಯದ ರೋಗ ಮೂರನೆಯ ದಿನ ಮುಖ ತೋರಿಸುತ್ತದೆ. ಆದರೆ ಮೂರನೆಯ ದಿನ ಯಾರಾದರೂ ಹೊಸ ಕಣ್ಣಿನಿಂದ ನೋಡಬೇಕಷ್ಟೆ.

ತಾಯಿಯ ಸಾಕ್ಷ್ಯ

ಮಗುವಿನ ಸಹಜಸ್ಥಿತಿ ಹೇಗಿರುತ್ತದೆಂದು ತಾಯಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ‘ನನ್ನ ಮಗು ಹೀಗಿರುವುದಿಲ್ಲ’ ಎಂಬ ಆಕೆಯ ಮಾತನ್ನು ಅಂಜಿಕೆಯೆಂದು ತಳ್ಳಿಹಾಕುವುದು ಸಾಕ್ಷಿಯೊಬ್ಬಳನ್ನು ನ್ಯಾಯಾಲಯದಿಂದ ಹೊರಗೆ ಕಳುಹಿಸಿದಂತೆ. ಇಂಗ್ಲೆಂಡಿನಲ್ಲಿ ೨೦೨೧ರಲ್ಲಿ ಹದಿಮೂರು ವರ್ಷದ ಮಾರ್ಥಾ ಎಂಬ ಬಾಲೆ ರಕ್ತನಂಜಿನಿಂದ ತೀರಿಕೊಂಡಳು. ತಾಯಿತಂದೆಗಳು ತೋಡಿಕೊಂಡ ಕಳವಳಕ್ಕೆ ತಕ್ಕ ಬೆಲೆ ದೊರೆತಿರಲಿಲ್ಲ. ಅವರ ಪ್ರಯತ್ನದ ಫಲವಾಗಿ ೨೦೨೪ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಜಾರಿಗೆ ಬರತೊಡಗಿತು. ಮಗುವಿನ ಸ್ಥಿತಿ ಕೆಡುತ್ತಿದೆಯೆಂದು ಕಂಡರೆ ಮನೆಯವರೇ ಬೇರೊಂದು ವೈದ್ಯತಂಡದ ತುರ್ತು ಪರಿಶೀಲನೆಯನ್ನು ಕೋರಲು ಅದು ಅವಕಾಶ ಕೊಡುತ್ತದೆ.

ಮನೆಯವರ ಕಡೆಯಿಂದಲೂ ಒಂದು ಕರ್ತವ್ಯವಿದೆ. ಬೆನ್ನಿನಿಂದ ನೀರು ತೆಗೆದರೆ ಕಾಲು ಸ್ವಾಧೀನ ತಪ್ಪುತ್ತದೆಂಬ ಭಯ ನಮ್ಮ ಜನರಲ್ಲಿ ಇನ್ನೂ ಇದೆ. ಆ ಸೂಜಿ ಬೆನ್ನುಹುರಿ ಮುಗಿಯುವ ಎಡೆಗಿಂತ ಕೆಳಗೆ ಹೋಗುತ್ತದೆ. ಮಿದುಳಿನ ಒತ್ತಡ ಹೆಚ್ಚಿದೆಯೆಂಬ ಶಂಕೆಯಿದ್ದರೆ ವೈದ್ಯರೇ ಅದನ್ನು ಮುಂದೂಡುತ್ತಾರೆ. ಕ್ಷಯ, ಬ್ಯಾಕ್ಟೀರಿಯ, ವೈರಾಣು ಈ ಮೂರನ್ನು ಬೇರ್ಪಡಿಸಲು ಆ ಕೆಲವು ಹನಿ ದ್ರವದಷ್ಟು ಸಹಾಯಮಾಡುವ ಸಾಕ್ಷ್ಯ ಬೇರೆ ವಿರಳ. ಅದನ್ನು ನಿರಾಕರಿಸಿದರೆ ವೈದ್ಯನ ಕೈಯಲ್ಲಿ ಉಳಿಯುವುದು ಊಹೆಯೊಂದೇ.

ಇನ್ನು ನಾವು ಮೊದಲು ಕಲ್ಪಿಸಿಕೊಂಡ ಮಗುವಿನ ಬಳಿಗೆ ಮರಳೋಣ. ಬಳ್ಳಾರಿಯ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯ ಕಿರಿಯ ವೈದ್ಯೆ ಆ ಚೀಟಿಯನ್ನು ಓದುತ್ತಾಳೆ. ಮಿದುಳುಜ್ವರವಲ್ಲವೆಂದು ಹೇಳಲು ಆಕೆಗೆ ಕಾರಣವಿಲ್ಲ. ಹೌದೆಂದು ಹೇಳಲೂ ಕಾರಣವಿಲ್ಲ. ಮೊದಲು ಆಕೆ ಉಸಿರನ್ನು ನೋಡುತ್ತಾಳೆ, ಸೆಳವನ್ನು ನಿಲ್ಲಿಸುತ್ತಾಳೆ, ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಸಕ್ಕರೆಯನ್ನು ಅಳೆಯುತ್ತಾಳೆ. ಮಲೇರಿಯಕ್ಕೆ ರಕ್ತ ಕಳುಹಿಸುತ್ತಾಳೆ. ಔಷಧವಿರುವ ರೋಗಗಳಿಗೆ ತಡಮಾ‌ಡದೆ ಔಷಧ ಆರಂಭಿಸುತ್ತಾಳೆ. ಮಗುವಿನ ಅಂಗಿಯನ್ನು ಕಳಚಿ ಕಂಕುಳನ್ನೂ ಕಿವಿಯ ಹಿಂಭಾಗವನ್ನೂ ನೋಡುತ್ತಾಳೆ. ಆಮೇಲೆ ತಾಯಿಯ ಕಡೆಗೆ ತಿರುಗಿ, ‘ಈ ಜ್ವರಕ್ಕೆ ಮುಂಚೆ ಮಗು ಹೇಗಿತ್ತು? ಮೊದಲಿನಿಂದ ಹೇಳಿ’ ಎನ್ನುತ್ತಾಳೆ. ಚೀಟಿಯ ಮಾತಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆಯುತ್ತಾಳೆ.

ಚಿಕಿತ್ಸೆಗೆ ತ್ವರೆ ಬೇಕು, ನಿದಾನಕ್ಕೆ ನಿಧಾನ ಬೇಕು. ಇವೆರಡೂ ಒಂದಕ್ಕೊಂದು ವಿರೋಧವೆಂದು ತೋರಬಹುದು; ಆದರೆ ಒಳ್ಳೆಯ ವೈದ್ಯರು ಒಂದೇ ರಾತ್ರಿಯಲ್ಲಿ ಎರಡನ್ನೂ ಮಾಡುತ್ತಾರೆ. ಕೈ ಕೂಡಲೆ ಕೆಲಸಕ್ಕೆ ತೊಡಗುತ್ತದೆ. ಮನಸ್ಸು ಮಾತ್ರ ತೀರ್ಪನ್ನು ತಡೆದಿರಿಸುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆಗೆ ಖರ್ಚಿಲ್ಲ, ಯಂತ್ರ ಬೇಡ. ಅದು ಕುರುಗೋಡಿನ ಆರೋಗ್ಯ ಕೇಂದ್ರದಲ್ಲಿಯೂ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿಯೂ ಸಮಾನವಾಗಿ ದೊರೆಯುವ ಸಾಧನ. ಅನೇಕ ಮಕ್ಕಳ ಪ್ರಾಣ ಅದನ್ನು ಅವಲಂಬಿಸಿದೆ.